ಬದನೇಕಾಯಿ ವಿಮಾನದ ಅಳತೆ

೩ ಮೇ ೧೯೮೧, ಭಾನುವಾರ

ಈ ನೋಟುಬುಕ್ಕು ಅಪ್ಪನದು. ಮೊದಲ ಹನ್ನೊಂದು ಪುಟಗಳಲ್ಲಿ ಅವನ ಕಾರ್ಖಾನೆಯ ಅಳತೆಗಳಿವೆ, ಮಿಕ್ಕದ್ದೆಲ್ಲ ಖಾಲಿ. ನಿನ್ನೆ ಪಕ್ಕದ ಮನೆಯ ಗಂಗೂಬಾಯಿ ಕೊಟ್ಟ ಚಕ್ಕಲಿಯ ಎಣ್ಣೆ ಕಮಟು ಹಿಡಿದಿದೆ ಎಂದು ಅವರೆದುರಿಗೇ ಹೇಳಿದೆ. ಹೇಗಿದೆ ಎಂದು ಕೇಳಿದವರು ಅವರೇ. ಅವ್ವನಿಗೆ ಸಿಟ್ಟು ಬಂತು. ಅಪ್ಪ ಮಾತ್ರ ಕೆಮ್ಮುತ್ತಲೇ ನಕ್ಕು ಇದನ್ನು ನನ್ನ ಕೈಗಿಟ್ಟ.

"ಬಾಯಾಗ ಬಂದದ್ದೆಲ್ಲಾ ಮಂದಿ ಮಾರಿ ಮ್ಯಾಲ ಒಗೀಬ್ಯಾಡ. ಇದರಾಗ ಬರೀ. ಇದಕ್ಕ ಸಿಟ್ಟು ಬರೂದಿಲ್ಲ."

ಬರೆಯುವುದಾದರೆ ಎಲ್ಲವನ್ನೂ ಬರೆಯಬೇಕು. ನನಗೆ ಹದಿನೆಂಟು ವರ್ಷ. ಶಾಲೆ ಬಿಟ್ಟು ಎರಡು ವರ್ಷವಾಯಿತು. ಶಾಲೆಗೆ ಇನ್‌ಸ್ಪೆಕ್ಟರು ಬಂದ ದಿನ, ವಿಜ್ಞಾನದ ಪ್ರಯೋಗಗಳನ್ನು ಮಾಡಿಸುತ್ತಾರಾ ಎಂದು ಕೇಳಿದರು. ಇಡೀ ಹತ್ತನೇ ತರಗತಿ ಹೌದು ಎಂದಿತು. ನಾನು ಎದ್ದು ನಿಂತು, ಪ್ರಯೋಗದ ಕೋಣೆಯ ಬೀಗ ತೆಗೆದದ್ದನ್ನೇ ನಾವು ನೋಡಿಲ್ಲ ಎಂದೆ. ತಪ್ಪಾಯಿತೆಂದು ಬರೆದುಕೊಡು ಎಂದರು ಹೆಡ್‌ಮಾಸ್ಟರು. ಬರೆದುಕೊಡಲಿಲ್ಲ. ಆಮೇಲೆ ಹೊಲಿಗೆ ಕ್ಲಾಸು ಹದಿನೈದು ದಿನ, ಟೈಪಿಂಗ್ ಒಂದು ತಿಂಗಳು, ಕೋಠಿಯ ಔಷಧಿ ಅಂಗಡಿಯಲ್ಲಿ ಮೂರು ವಾರ. ಎಲ್ಲಿಯೂ ನಿಂತಿಲ್ಲ. ನಿಲ್ಲುವುದು ನನಗೆ ಬರುವುದಿಲ್ಲ.

೧೦ ಮೇ, ಭಾನುವಾರ

ರಾಮಕೃಷ್ಣ ಸಾಹೇಬರು ಬಂದಿದ್ದರು. ಅಪ್ಪನ ಕಾರ್ಖಾನೆಯ ಎಂಜಿನಿಯರು, ಮೈಸೂರಿನವರು. ಅವರು ಗಲ್ಲಿಯಲ್ಲಿ ಬರುವಾಗಲೇ ಹುಡುಗರು ಹಿಂದೆ ಓಡಿ ಬಂದರು, ಬದನೇಕಾಯಿ ಸಾಹೇಬರೇ, ಇವತ್ತು ಹಾರಿಸುತ್ತೀರಾ ಎಂದು ಕೂಗುತ್ತ: "ಬೈಂಗನ್ ಸಾಬ್! ಓ ಬೈಂಗನ್ ಸಾಬ್! ಆಜ್ ಉಡಾತೇ ಕ್ಯಾ?" ಸಾಹೇಬರು ಹಿಂತಿರುಗಿ, "ಆಜ್ ನಹೀ, ಜುಲೈ ಮೇ" ಎಂದರು. ಜುಲೈ ಎಂದದ್ದನ್ನು ಕೇಳಿ ಹುಡುಗರು ಬೆರಳಲ್ಲಿ ತಿಂಗಳು ಎಣಿಸುತ್ತ ಹಿಂದಕ್ಕೆ ಹೋದರು.

ಕಥೆ ಇಷ್ಟು. ಹದಿನಾಲ್ಕು ವರ್ಷದ ಹಿಂದೆ ಅವರು ರೆಕ್ಕೆಯಿಲ್ಲದ ವಿಮಾನವೊಂದರ ನಕ್ಷೆ ಬರೆದಿದ್ದರು. ಬಾಹ್ಯಾಕಾಶದಿಂದ ಹಿಂದಿರುಗುವಾಗ ಗಾಳಿಯ ತಿಕ್ಕಾಟಕ್ಕೆ ತೆಳ್ಳಗಿನ ರೆಕ್ಕೆ ಉರಿದುಹೋಗುತ್ತದೆ. ರೆಕ್ಕೆಯೇ ಬೇಡ, ಮೈಯೇ ಗಾಳಿಯ ಮೇಲೆ ತೇಲಲಿ ಎಂಬುದು ಲೆಕ್ಕ. ಉದ್ದಕ್ಕೆ ಸೀಳಿ ಬೋರಲು ಹಾಕಿದ ಬದನೇಕಾಯಿಯ ಹಾಗೆ: ಮೇಲೆ ಉಬ್ಬು, ಕೆಳಗೆ ಸಪಾಟು, ಹಿಂದೆ ಎರಡು ಸಣ್ಣ ಕಿವಿ. ಅದರ ಮಾದರಿಯನ್ನು ಮರದಲ್ಲಿ ಕೆತ್ತಿದವನು ಅಪ್ಪ. ದೊಡ್ಡ ದೊಡ್ಡ ಅಧಿಕಾರಿಗಳೆದುರು ನೀರಿನ ಟ್ಯಾಂಕಿನ ಮೇಲಿಂದ ಬಿಟ್ಟರೆ, ಅದು ಎರಡು ಪಲ್ಟಿ ಹೊಡೆದು ನೆಲಕ್ಕೆ ಬಿತ್ತು. ಒಬ್ಬ ಅಧಿಕಾರಿ ನಕ್ಕರಂತೆ. ಸಾಹೇಬರನ್ನು ಹಳೇ ನಕ್ಷೆಗಳ ಕೋಣೆಗೆ ಹಾಕಿದರು. ಇವತ್ತಿಗೂ ಅಲ್ಲಿಯೇ ಇದ್ದಾರೆ.

ಈಗ ಅವರ ಕೈಯಲ್ಲಿ ಹೋದ ತಿಂಗಳ ಪತ್ರಿಕೆ ಇತ್ತು. ಅಮೆರಿಕದವರ ಷಟಲ್ ಬಾಹ್ಯಾಕಾಶಕ್ಕೆ ಹೋಗಿ ವಿಮಾನದಂತೆ ನೆಲಕ್ಕಿಳಿದ ಚಿತ್ರ.

"ಏನ್ರಿ ಸಾಹೇಬ್ರ, ಬದನೀಕಾಯಿ ಇನ್ನೂ ಬಿಟ್ಟಿಲ್ಲೇನ್ರಿ?" ಎಂದ ಅಪ್ಪ.

"ಅದು ನನ್ನನ್ನ ಬಿಟ್ಟಿಲ್ಲ ಮಲ್ಲಪ್ಪ. ರೆಕ್ಕೆ ಇಲ್ಲದ್ದನ್ನೂ ಆಗಲೇ ಅಲ್ಲಿ ಹಾರಿಸಿದ್ದಾರೆ. ಅವರದು ಹಾರಿತು. ನನ್ನದು ಯಾಕೆ ಬಿತ್ತು? ಜುಲೈ ಕೊನೆಗೆ ರಿಟೈರ್ ಆಗ್ತೀನಿ. ಅಷ್ಟರೊಳಗೆ ನಾನು ಎಲ್ಲಿ ತಪ್ಪಿದೆ ಅನ್ನೋದು ಗೊತ್ತಾದ್ರೆ ಸಾಕು. ಇನ್ನೊಂದು ಮಾದರಿ ಮಾಡಿಕೊಡು."

ಅಪ್ಪ ತನ್ನ ಕೈಗಳನ್ನು ಮುಂದೆ ಚಾಚಿ ತೋರಿಸಿದ. ಮೂವತ್ತು ವರ್ಷದ ಮರದ ಪುಡಿ ಎದೆಯಲ್ಲಿ ಕೂತಿದೆ. ಉಸಿರಿಗೆ ಉಸಿರು ಸೇರದೆ ಕೈ ನಡುಗುತ್ತವೆ. "ಇಕಿ ಮಾಡ್ತಾಳ್ರಿ. ಕೈ ಚಲೋ ಅದಾವ. ಬಾಯಿ ಅಷ್ಟ ಸುಮಾರು."

"ಅಪ್ಪ ಹೇಳ್ತಾನ, ನಿಮ್ಮದು ಯಾವತ್ತೂ ಹಾರೂದಿಲ್ಲಂತ," ಎಂದೆ. ಅಪ್ಪ ಹಾಗೆ ಹೇಳಿದ್ದು ನಿಜ. ಎರಡು ಸಲ.

ಸಾಹೇಬರು ನನ್ನನ್ನು ನೋಡಿ, "ಇವಳೇ ಸರಿ," ಎಂದರು.

೧೭ ಮೇ

ಸಾಗವಾನಿ ಹಲಗೆಗಳು ಬಂದಿವೆ. ಅಪ್ಪ ಬಾಗಿಲ ಬಳಿ ಮಂಚದ ಮೇಲೆ, ನಾನು ಅಂಗಳದಲ್ಲಿ. ಅವನು ಹೇಳಬೇಕು, ನಾನು ಉಳಿ ಹಿಡಿಯಬೇಕು.

ಮೂವತ್ತು ವರ್ಷ ಅಪ್ಪ ಮಾಡಿದ್ದು ಅಚ್ಚುಗಳನ್ನು. ಲೋಹದಲ್ಲಿ ಬೇಕಾದ ಆಕಾರವನ್ನು ಮೊದಲು ಮರದಲ್ಲಿ ಕೆತ್ತುತ್ತಾರೆ. ಆ ಮರದ ಅಚ್ಚನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಗುಳಿಗೆ ಕರಗಿದ ಲೋಹ ಹೊಯ್ಯುತ್ತಾರೆ. ಅಚ್ಚು ಯಾರಿಗೂ ಬೇಡ, ಎರಕ ಎಲ್ಲರಿಗೂ ಬೇಕು ಎಂದು ಅಪ್ಪ ನಗುತ್ತಾನೆ.

ಇವತ್ತು ಮೊದಲ ಪಾಠ ಹೇಳಿದ. ಪ್ರತಿ ಅಚ್ಚಿನ ಕೆಳಗೆ ಮಾಡಿದವನ ಹೆಸರು, ತಾರೀಖು, ಯಾವ ಸ್ಕೇಲಿನಿಂದ ಅಳೆದದ್ದು, ಈ ಮೂರನ್ನೂ ಪೆನ್ಸಿಲಿನಲ್ಲಿ ಬರೆಯಬೇಕು. ತಿದ್ದಿದರೆ ತಿದ್ದಿದ್ದನ್ನೂ ಅಲ್ಲಿಯೇ ಬರೆಯಬೇಕು. ಕಾರ್ಖಾನೆಯಲ್ಲಿ ಒಬ್ಬರಿಗೊಬ್ಬರು ಬಾಯಿಂದ ಹೇಳುವುದಿಲ್ಲವಂತೆ. ಯಂತ್ರಗಳ ಸದ್ದಿನಲ್ಲಿ ಕೇಳಿಸುವುದೂ ಇಲ್ಲ, ಹೇಳಿದ್ದು ನೆನಪಿರುವುದೂ ಇಲ್ಲ.

"ಅಚ್ಚು ಕೈಯಾಗ ಬಂತಂದ್ರ ಮೊದಲ ಏನ್ ಮಾಡಬೇಕು? ತಿರುವಿ ನೋಡಬೇಕು. ಮ್ಯಾಲಿಂದು ಚಂದ ಇರ್ತೈತಿ. ಖರೇ ಕೆಳಗ ಇರ್ತೈತಿ."

ಇದನ್ನೇಕೆ ಬರೆದೆನೋ. ಪುಟ ತುಂಬಲಿ ಎಂದಿರಬೇಕು. ಈ ಕೆಲಸವನ್ನೂ ನಾನು ಬಹಳ ದಿನ ಮಾಡುವುದಿಲ್ಲ.

೨೪ ಮೇ, ಭಾನುವಾರ

ಸಾಹೇಬರ ಜೊತೆ ಅಬಿಡ್ಸ್ ಪೇಟೆಗೆ ಹೋಗಿದ್ದೆ. ಭಾನುವಾರ ಅಂಗಡಿಗಳು ಮುಚ್ಚಿದಾಗ ಫುಟ್‌ಪಾತಿನ ತುಂಬ ಹಳೇ ಪುಸ್ತಕ. ಇಪ್ಪತ್ತು ವರ್ಷದಿಂದ ಅವರು ಇಲ್ಲಿಂದಲೇ ವಿಚಿತ್ರ ವಿಮಾನಗಳ ಚಿತ್ರ ಆರಿಸಿ ತಂದು ಒಂದು ದಪ್ಪ ಪುಸ್ತಕಕ್ಕೆ ಅಂಟಿಸಿದ್ದಾರೆ. ಪೋಸ್ಟ್ ಆಫೀಸಿನ ಮೆಟ್ಟಿಲ ಮೇಲೆ ಕೂತು ಅದನ್ನು ತೋರಿಸಿದರು. ಉಂಗುರದಂಥ ರೆಕ್ಕೆಯದು. ಬಾಲದ ಮೇಲೆ ನೆಟ್ಟಗೆ ನಿಂತು ಏರುವುದು. ತಟ್ಟೆಯಂಥದು. ಕತ್ತರಿಯಂತೆ ರೆಕ್ಕೆ ಓರೆಯಾಗಿಸುವುದು. ಎಣ್ಣೆಯೇ ಬೇಡದೆ ಬರೀ ಬಿಸಿಲಿನ ಒತ್ತಡಕ್ಕೆ ನಕ್ಷತ್ರಗಳ ನಡುವೆ ಸಾಗಬೇಕಾದ ಹಾಯಿ. ಅದನ್ನು ಯಾರೂ ಇನ್ನೂ ಕಟ್ಟಿಲ್ಲ.

ಪ್ರತಿ ಚಿತ್ರದ ಕೆಳಗೂ ಒಂದು ಸಾಲು ಇತ್ತು. 'ಮೂರನೇ ಹಾರಾಟದಲ್ಲಿ ಬಿತ್ತು.' 'ಹಾರಿತು, ಇಳಿಸಲು ಆಗಲಿಲ್ಲ.' 'ದುಡ್ಡು ನಿಂತಿತು.'

"ಎಲ್ಲಾ ಬಿದ್ದಾವಲ್ರಿ," ಎಂದೆ.

"ಹೌದು. ಬಿದ್ದದ್ದು ಯಾಕೆ ಅಂತ ಗೊತ್ತಿದ್ದರೆ ಅದು ಬಿದ್ದ ಲೆಕ್ಕ ಅಲ್ಲಮ್ಮ. ನೋಡು, ಇದೊಂದರ ಕೆಳಗೆ ಮಾತ್ರ ನನಗೆ ಬರೆಯೋಕಾಗಿಲ್ಲ."

ಕೊನೆಯ ಪುಟದಲ್ಲಿ ಅವರದೇ ನಕ್ಷೆ ಇತ್ತು. ಕೆಳಗಿನ ಸಾಲು ಖಾಲಿ.

ತೂಕದ ವಿಷಯವನ್ನೂ ಹೇಳಿದರು. ಮಾದರಿಯನ್ನು ಒಂದು ಮೊಳೆಯ ಮೇಲೆ ನಿಲ್ಲಿಸಿದರೆ ತಕ್ಕಡಿಯಂತೆ ಸಮನಾಗಿ ನಿಲ್ಲಬೇಕು. ಆ ಜಾಗ ಒಂದು ಸೆಂಟಿಮೀಟರ್ ಹಿಂದಕ್ಕೆ ಸರಿದರೂ ಪಲ್ಟಿ. "ರೆಕ್ಕೆ ಇರೋ ವಿಮಾನ ಕ್ಷಮಿಸುತ್ತೆ. ಇದು ಕ್ಷಮಿಸೋಲ್ಲ."

ಇಷ್ಟು ಹೊತ್ತು ಯಾವ ಮೇಷ್ಟರೂ ನನ್ನ ಜೊತೆ ಮಾತನಾಡಿರಲಿಲ್ಲ.

೭ ಜೂನ್

ಹದಿನೈದು ದಿನದ ಕೆಲಸ ಹಾಳು. ಮಾದರಿಯಷ್ಟೇ ಉದ್ದದ ಸಾಹೇಬರ ನಕ್ಷೆಯ ಮೇಲೆ ಹಲಗೆ ಇಟ್ಟರೆ, ಮೂಗು ಗೆರೆಯಾಚೆಗೆ ಎರಡು ಬೆರಳು ಹೋಗಿದೆ. ನೂರಿಪ್ಪತ್ತು ಸೆಂಟಿಮೀಟರ್ ಎಂದು ಸರಿಯಾಗಿಯೇ ಅಳೆದಿದ್ದೆ. ಕಾಗದ ಬಿಸಿಲಿಗೆ ಕುಗ್ಗಿದೆ ಎಂದು ವಾದಿಸಿದೆ. ಅಪ್ಪ ಸ್ಕೇಲನ್ನು ಕೇಳಿ ಪಡೆದು, ಅದರ ತುದಿಗೆ ಹೆಬ್ಬೆರಳು ಉಜ್ಜಿ, ಮಂಚ ಅಲ್ಲಾಡುವ ಹಾಗೆ ನಕ್ಕ. ಆಮೇಲೆ ಕೆಮ್ಮಿದ. ಅವ್ವ ಓಡಿ ಬಂದಳು.

"ಹುಚ್ಚ ಖೋಡಿ! ಪೆಟಗ್ಯಾಗ ನಾಕು ಸ್ಕೇಲ್ ಅದಾವ. ಇದನ್ಯಾಕ ತಗೊಂಡಿ?"

"ಇದರ ಅಕ್ಷರ ಸ್ವಚ್ಛ ಇದ್ದೂ."

"ಇದು ಎರಕದ ಸ್ಕೇಲ್!"

ಕರಗಿದ ಉಕ್ಕು ಆರಿದ ಮೇಲೆ ನೂರಕ್ಕೆ ಎರಡರಷ್ಟು ಕುಗ್ಗುತ್ತದಂತೆ. ಅದಕ್ಕೇ ಅಚ್ಚನ್ನು ಅಷ್ಟು ದೊಡ್ಡದಾಗಿ ಮಾಡಬೇಕು. ಪ್ರತಿ ಸಲ ಲೆಕ್ಕ ಹಾಕುವ ಬದಲು ಸ್ಕೇಲನ್ನೇ ಹಿಗ್ಗಿಸಿ ಗೆರೆ ಹಾಕಿರುತ್ತಾರೆ. ಅದರ ಮೇಲಿನ ಒಂದು ಸೆಂಟಿಮೀಟರ್ ನಿಜದ ಒಂದಕ್ಕಿಂತ ತುಸು ದೊಡ್ಡದು. ಕಣ್ಣಿಗೆ ತಿಳಿಯುವುದಿಲ್ಲ.

"ಹೊಸಬರ ತಪ್ಪು ಇದು," ಎಂದ ಅಪ್ಪ, ಕಣ್ಣೊರೆಸಿಕೊಂಡು. "ಮೊದಲನೇ ವರ್ಷದ ಹುಡುಗೂರು ಮಾಡ್ತಾರ. ಕೈಯಾಗ ಯಾವದೈತಿ ನೋಡೂದಿಲ್ಲ."

ಅವನು ನಕ್ಕದ್ದು ನನಗೆ ಸಿಟ್ಟು ತರಿಸಿತು. ಅದನ್ನೂ ಬರೆಯಬೇಕು.

೯ ಜೂನ್

ಬೆಳಿಗ್ಗೆ ಸಾದಾ ಸ್ಕೇಲು ಹಿಡಿದು ಹೊಸ ಹಲಗೆ ಕೊಯ್ದೆ. ಮೂಗಿನ ತಿರುವು ಸರಿ ಬರಲಿಲ್ಲ. ಹಳೆಯದನ್ನು ನೋಡೋಣವೆಂದು ಅಟ್ಟ ಹತ್ತಿದೆ. ಬಿದ್ದ ಮಾದರಿಯನ್ನು ಅಪ್ಪ ಗುಜರಿಗೆ ಹಾಕಲು ಬಿಡದೆ ಮನೆಗೆ ತಂದಿಟ್ಟಿದ್ದ. ಒಂದು ಕಿವಿ ಮುರಿದಿದೆ, ಮೈಗೆ ಏನೂ ಆಗಿಲ್ಲ. ಕೆಳಗೆ ಹೆಸರು, ತಾರೀಖು ಇವೆ: ಮಲ್ಲಪ್ಪ, ೧೧-೨-೬೭. ಸ್ಕೇಲು ಬರೆದಿಲ್ಲ.

ಸಾದಾ ಸ್ಕೇಲಿನಿಂದ ಉದ್ದ ಅಳೆದೆ. ನೂರಿಪ್ಪತ್ತೆರಡು ದಶಮಾಂಶ ನಾಲ್ಕು. ಮೂರು ಸಲ ಅಳೆದೆ. ಕೆಳಗಿಳಿದು ಎರಕದ ಸ್ಕೇಲು ತಂದು ಅಳೆದೆ. ಸರಿಯಾಗಿ ನೂರಿಪ್ಪತ್ತು.

ಮೊಳೆಯ ಜಾಗವನ್ನು ಸಾಹೇಬರು ಹಿಂತುದಿಯಿಂದ ಐವತ್ತನಾಲ್ಕು ಸೆಂಟಿಮೀಟರಿಗೆ ತಮ್ಮ ಸಾದಾ ಸ್ಕೇಲಿನಿಂದ ಗುರುತು ಮಾಡಿ, ಅಲ್ಲಿ ಸಮನಾಗಿ ನಿಲ್ಲುವ ಹಾಗೆ ತೂಕ ಕೂಡಿಸಿದ್ದರು. ಮೈ ಹಿಗ್ಗಿದ್ದರಿಂದ ಅದು ಐವತ್ತೈದಕ್ಕಿಂತ ಮುಂದೆ ಇರಬೇಕಿತ್ತು. ಒಂದು ಸೆಂಟಿಮೀಟರ್ ಹಿಂದೆ ಸರಿದಿದೆ.

ಎರಡೂ ಸ್ಕೇಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಸಾಹೇಬರು ಎಲ್ಲಿಯೂ ತಪ್ಪಿಲ್ಲ.

೧೦ ಜೂನ್

ಹೇಳಿದೆ. ಹೇಳದೆ ಇಡುವುದು ನನಗೆ ಗೊತ್ತಿಲ್ಲ. ಹಳೇ ಮಾದರಿಯನ್ನೂ ಎರಡೂ ಸ್ಕೇಲುಗಳನ್ನೂ ಮಂಚದ ಮೇಲಿಟ್ಟು, "ಹೊಸಬರ ತಪ್ಪು ಅಂದಿ. ಇದು ಯಾರ ತಪ್ಪು?" ಎಂದೆ. ಮೊನ್ನೆಯ ನಗುವಿಗೆ ಉತ್ತರ ಕೊಟ್ಟಂತಾಯಿತು ಎಂದು ಒಂದು ಗಳಿಗೆ ಖುಷಿಯೂ ಆಯಿತು.

ಅಪ್ಪ ತಾನೇ ಅಳೆದ. ಕೈ ನಡುಗುತ್ತಿದ್ದರೂ ಸ್ಕೇಲಿನ ತುದಿ ಗೆರೆ ಬಿಟ್ಟು ಸರಿಯಲಿಲ್ಲ. ಆಮೇಲೆ ಗೋಡೆ ನೋಡಿದ.

"ಆ ವಾರ ಹಗಲೆಲ್ಲಾ ಉಕ್ಕಿನ ಅಚ್ಚಿನ ಕೆಲಸ ಇತ್ತು," ಎಂದ. "ಸಂಜೀಕ ಇದು. ಸ್ಕೇಲ್ ಕಿಸೇದಾಗ ಇತ್ತು." ಸ್ಕೇಲು ಕೆಳಗಿಟ್ಟು, "ಮಲ್ಲಪ್ಪನ ಕೆಲಸ ಅಳದು ನೋಡ್ಬೇಕೇನು ಅಂತ ಸಾಹೇಬ್ರು ಅಳೀಲಿಲ್ಲ," ಎಂದ.

"ಸಾಹೇಬ್ರಿಗೆ ಹೇಳ್ತೀನಿ," ಎಂದೆ.

"ನೀ ಬ್ಯಾಡ. ನನ್ನದು ನಾನ ಹೇಳ್ತೀನಿ. ಇದನ್ನ ಇಲ್ಲೇ ಇಟ್ಟು ಹೋಗು."

ಮಾದರಿಯನ್ನು ಮಂಚದ ಪಕ್ಕ ಇಟ್ಟೆ. ಅವ್ವ ಅಕ್ಕಿ ತರಲು ಕಳಿಸಿದಳು. ರೇಷನ್ ಅಂಗಡಿಯ ಸಾಲಿನಲ್ಲಿ ಎರಡು ತಾಸು.

೧೪ ಜೂನ್, ಭಾನುವಾರ

ಸಾಹೇಬರು ಬಂದರು. ನಾನು ಬಾಗಿಲಲ್ಲಿ ನಿಂತು ಕಾದೆ. ಷಟಲಿನ ಮಾತಾಯಿತು, ಮಳೆಯ ಮಾತಾಯಿತು. ಸಾಹೇಬರು ಕಾರ್ಖಾನೆಯ ಸುದ್ದಿ ಹೇಳಿದರು, ಅಪ್ಪ ಹೂಂಗುಟ್ಟಿದ. ಹೇಳಲಿಲ್ಲ. ಒಮ್ಮೆ ಮಂಚದ ಪಕ್ಕದಲ್ಲಿದ್ದ ಹಳೇ ಮಾದರಿಯನ್ನು ಕೈಯಿಂದ ಅವರತ್ತ ನೂಕಿದ. ಅಷ್ಟಕ್ಕೇ ಉಸಿರು ಕಟ್ಟಿತು. ಸಾಹೇಬರು ಮುಖ ತಿರುಗಿಸಿ, "ಬೇಡ ಮಲ್ಲಪ್ಪ. ಅದನ್ನ ಮುಟ್ಟೋ ಶಕ್ತಿ ನನಗಿಲ್ಲ," ಎಂದರು. ಅಪ್ಪ ಮತ್ತೆ ನೂಕಿದ. ಅವರು ಎದ್ದು ಹೊರಟರು.

ಹಳೇ ಸಾಮಾನು ತೋರಿಸಿ ಮಾತು ಮರೆಸುವುದು. ಇದನ್ನು ನಾನು ಅಪ್ಪನಿಂದ ಎಣಿಸಿರಲಿಲ್ಲ.

೧೬ ಜೂನ್

ಜಗಳ. ಬರೆಯುತ್ತೇನೆ.

"ಖರೇ ಅಂದದ್ದಕ್ಕ ನಾ ಸಾಲಿ ಬಿಟ್ಟೆ. ನಿನಗ ಒಂದು ಮಾತು ಬಾಯಿ ಬಿಟ್ಟು ಹೇಳಾಕ ಆಗಲಿಲ್ಲ. ಹದಿನಾಕು ವರ್ಷ ಅವರನ್ನ ಮಂದಿ ಬೈಂಗನ್ ಅಂದ್ರು. ನೀನೂ ಅಂದಿ. ಅಂಜುಬುರುಕ ನೀ," ಎಂದೆ.

ಅವ್ವ, "ಬಾಯಿ ಮುಚ್ಚು, ಯಾರ ಕೂಡ ಮಾತಾಡಾಕತ್ತಿ!" ಎಂದು ಚೀರಿದಳು.

ಅಪ್ಪ ನನ್ನನ್ನೇ ನೋಡುತ್ತಿದ್ದ. ಏನೋ ಹೇಳಲು ಹೋದ, ಉಸಿರು ಸಾಲಲಿಲ್ಲ. ಮಂಚದ ಪಕ್ಕಕ್ಕೆ ಕೈ ಇಳಿಬಿಟ್ಟ. ಕೊನೆಗೆ "ಹೋಗು, ಊಟಾ ಮಾಡು," ಎಂದ.

ನಾನು ಊಟ ಮಾಡಲಿಲ್ಲ.

೧೭ ಜೂನ್

ಬೆಳಿಗ್ಗೆ ಆಸ್ಪತ್ರೆಗೆ ಸೇರಿಸಿದೆವು. ಮೂಗಿಗೆ ನಳಿಕೆ. ಮಾತಿಲ್ಲ.

೨೧ ಜೂನ್

ಅಪ್ಪ ಹೋದ.

೨೨ ಜೂನ್

ಮಣ್ಣು ಮಾಡಿ ಬಂದರು. ಸಾಹೇಬರು ಹೆಗಲು ಕೊಟ್ಟರು. ನಮ್ಮವರಲ್ಲದಿದ್ದರೂ ಯಾರೂ ಏನೂ ಅನ್ನಲಿಲ್ಲ.

೫ ಜುಲೈ

ಏನೂ ಬರೆಯುವುದಿಲ್ಲ ಎಂದುಕೊಂಡಿದ್ದೆ. ಅವ್ವ ಮಂಚ ತೆಗೆಯಲು ಬಿಡುತ್ತಿಲ್ಲ. ಹಳೇ ಮಾದರಿಯನ್ನು ಮಂಚದ ಕೆಳಗೆ ಸರಿಸಿದ್ದಾಳೆ. ಗಂಗೂಬಾಯಿ ದಿನಾ ಎರಡು ರೊಟ್ಟಿ ತಂದು ಕೊಡುತ್ತಾರೆ. ಇವತ್ತು ಪಲ್ಯಕ್ಕೆ ಉಪ್ಪು ಜಾಸ್ತಿಯಾಗಿತ್ತು. "ಹೆಂಗಾಗೈತವಾ?" ಎಂದು ಕೇಳಿದರು. ಎಲ್ಲವನ್ನೂ ತಿಂದೆ, ಇನ್ನೊಂದು ರೊಟ್ಟಿ ಕೇಳಿದೆ.

೧೨ ಜುಲೈ, ಭಾನುವಾರ

ಸಾಹೇಬರು ಬಂದು ಅಂಗಳದ ಹಲಗೆಗಳನ್ನು ನೋಡಿದರು. "ಬಿಟ್ಟುಬಿಡಮ್ಮ. ಇಷ್ಟು ವರ್ಷ ಗೊತ್ತಿಲ್ಲದೆ ಇದ್ದೆ, ಇನ್ನು ಮೇಲೂ ಇರ್ತೀನಿ," ಎಂದರು.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಮೊದಲು ಹಾರಿಸಿ ನೋಡಬೇಕು, ನನ್ನ ಲೆಕ್ಕವೇ ತಪ್ಪಿರಬಹುದು ಎಂದುಕೊಂಡೆ. ಇದು ನೆಪವೋ ಏನೋ ತಿಳಿಯದು.

"ಇಪ್ಪತ್ತಾರಕ್ಕ ಮುಗಿಸ್ತೀನ್ರಿ," ಎಂದೆ.

೧೯ ಜುಲೈ

ಬೆಳಕಾದಾಗ ಕೂತರೆ ಬೆಳಕು ಹೋಗುವವರೆಗೆ. ಹಲಗೆಗಳನ್ನು ಅಂಟಿಸಿ, ಒಳಗೆ ಪೊಳ್ಳು ಮಾಡಿ, ಹೊರಗೆ ಕೀಸಿ, ಉಪ್ಪುಕಾಗದ ಹಿಡಿದು ಉಜ್ಜುವುದು. ಉಬ್ಬು ಸರಿ ಬಂದಿದೆಯೇ ಎಂದು ಕಣ್ಣು ಮುಚ್ಚಿ ಅಂಗೈಯಿಂದ ನೋಡಬೇಕು ಎಂದು ಅಪ್ಪ ಹೇಳುತ್ತಿದ್ದ. ಕಣ್ಣಿಗಿಂತ ಅಂಗೈಗೆ ಹೆಚ್ಚು ತಿಳಿಯುತ್ತದೆ, ನಿಜ. ಅವ್ವ ಇವತ್ತು ನನ್ನ ಮುಖಕ್ಕೆ ಹಳೇ ಸೀರೆಯ ತುಂಡು ಕಟ್ಟಿದಳು, ಪುಡಿ ಎದೆಗೆ ಹೋಗದಿರಲಿ ಎಂದು. ಕಟ್ಟಿದವಳು ಅಲ್ಲಿಯೇ ನಿಂತು ಕೆಲಸ ನೋಡಿದಳು.

"ನಿಮ್ಮಪ್ಪನಂಗ ಪೆನ್ಸಿಲ್ ಕಿವಿ ಮ್ಯಾಲ ಇಟ್ಟೀ," ಎಂದಳು. ಇಟ್ಟದ್ದು ನನಗೇ ಗೊತ್ತಿರಲಿಲ್ಲ.

೨೬ ಜುಲೈ, ಭಾನುವಾರ

ಹಾರಿತು.

ಕಾಲೊನಿಯ ಹಿಂದಿನ ಬಂಡೆಗುಡ್ಡ. ಬೆಳಿಗ್ಗೆ ಏಳು ಗಂಟೆ, ಗಾಳಿ ಇರಲಿಲ್ಲ. ಜಾರು ಹಲಗೆಯ ಮೇಲೆ ಮಾದರಿ ಇಟ್ಟು, ಸೈಕಲ್ ಟ್ಯೂಬಿನ ಕವಣೆಯಿಂದ ನೂಕಬೇಕು. ಸಾಹೇಬರ ಕೈಯಲ್ಲಿ ನಿಲ್ಲಿಸುವ ಗಡಿಯಾರ ಇತ್ತು. ಅದನ್ನು ಒತ್ತುವುದನ್ನೇ ಮರೆತರು. ಮಾದರಿ ಬಂಡೆಯ ಅಂಚು ದಾಟಿ ಒಂದು ಮೊಳ ಇಳಿಯಿತು, ಆಮೇಲೆ ಗಾಳಿ ಅದರ ಹೊಟ್ಟೆಯ ಕೆಳಗೆ ಕೈ ಇಟ್ಟ ಹಾಗೆ ಆಯಿತು. ನೇರವಾಗಿ ಹೋಯಿತು. ಅಲುಗಾಡಲಿಲ್ಲ. ಕೆಳಗೆ ಮೇಯುತ್ತಿದ್ದ ಎಮ್ಮೆಗಳ ಮೇಲೆ ಸಾಗಿ, ಹುಲ್ಲಿನಲ್ಲಿ ಜಾರಿ ನಿಂತಿತು. ಹೆಜ್ಜೆ ಹಾಕಿ ಅಳೆದೆವು. ಎಂಬತ್ತೊಂದು.

ಇನ್ನೂ ಎರಡು ಸಲ ಬಿಟ್ಟೆವು. ಎರಡು ಸಲವೂ ಹಾರಿತು. ಸಾಹೇಬರು ಎಮ್ಮೆ ಕಾಯುವವನಿಗೆ ತೆಲುಗಿನಲ್ಲಿ ಇದೇನೆಂದು ವಿವರಿಸಿದರು. ಅವನು ಮಾದರಿಯ ಎರಡೂ ಬದಿ ರೆಕ್ಕೆ ಹುಡುಕಿ, "ರೆಕ್ಕಲು ಎಕ್ಕಡ ಸಾರೂ?" ಎಂದು ಕೇಳಿದ. ಸಾಹೇಬರು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಬಂಡೆಯ ಮೇಲೆ ಕೂತರು. ಮುಖ ಬದಲಾಯಿತು.

"ಅದೇ ನಕ್ಷೆ. ಒಂದು ಗೆರೆ ಬದಲಾಯಿಸಿಲ್ಲ. ಹಾಗಾದರೆ ಅವತ್ತು ಯಾಕೆ ಬಿತ್ತು?"

ಅವರೇ ಉತ್ತರವನ್ನೂ ಹುಡುಕಿಕೊಂಡರು. "ಗಾಳಿ ಇತ್ತು ಅನ್ಸುತ್ತೆ ಅವತ್ತು. ಹೌದು, ಫೆಬ್ರವರಿ, ಗಾಳಿ ಇದ್ದೇ ಇರುತ್ತೆ."

ಸುಮ್ಮನೆ ಇದ್ದಿದ್ದರೆ ಆಗುತ್ತಿತ್ತು. ಅವರಿಗೂ ಅಪ್ಪನಿಗೂ. ಅದು ನನಗೆ ಆಗ ಹೊಳೆದಿತ್ತು ಎಂದು ಬರೆದಿಡಬೇಕು.

"ಗಾಳಿ ಅಲ್ಲರಿ," ಎಂದೆ. ಅವರ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ನಾನು ಮಾಡಿದ ತಪ್ಪಿನಿಂದ ಶುರು ಮಾಡಿ, ಅಪ್ಪ ಮಾಡಿದ್ದಕ್ಕೆ ಬಂದೆ. ನಿಧಾನವಾಗಿ ಹೇಳಿದೆ.

ಅವರು ಗಡಿಯಾರವನ್ನು ಕಿಸೆಗೆ ಹಾಕಿಕೊಂಡರು.

"ಅಂದರೆ ನಾನು ಸರಿ ಇದ್ದೆ," ಎಂದರು.

"ಹೂಂ ರಿ."

"ಹದಿನಾಲ್ಕು ವರ್ಷ ಸರಿ ಇದ್ದೆ." ಕನ್ನಡಕ ತೆಗೆದರು. "ತಪ್ಪಿದೆ ಅಂತ ಬದುಕೋದು ಅಭ್ಯಾಸ ಆಗಿತ್ತಮ್ಮ. ಅದರ ಜೊತೆ ರಾಜಿ ಆಗಿತ್ತು. ಇದನ್ನ ಇಟ್ಟುಕೊಂಡು ಏನು ಮಾಡಲಿ? ರಿಟೈರ್ ಆಗೋಕೆ ಇನ್ನು ಐದು ದಿನ ಇದೆ."

ನಿಜ ಹೇಳಿದರೆ ಕೇಳಿದವರಿಗೆ ಸಿಟ್ಟು ಬರುತ್ತದೆ, ಅಷ್ಟು ನನಗೆ ಗೊತ್ತಿತ್ತು. ಹೀಗೂ ಆಗುತ್ತದೆಂದು ಗೊತ್ತಿರಲಿಲ್ಲ. ಅವರು ಎದ್ದು ನಡೆದರು. ಮಾದರಿಯನ್ನು ಹೊತ್ತು ಹತ್ತು ಹೆಜ್ಜೆ ಹಿಂದೆ ನಾನೂ ನಡೆದೆ. ಮನೆಯ ಬಾಗಿಲು ತೆಗೆದು ಒಳಗೆ ಹೋದರು, ನನ್ನನ್ನು ಕರೆಯಲಿಲ್ಲ. ಎದುರಿನ ಕಟ್ಟೆಯ ಮೇಲೆ ಕೂತೆ. ಅವರ ಅಡುಗೆಮನೆಯಿಂದ ಸ್ಟೋವಿನ ಸದ್ದು ಕೇಳಿದ ಮೇಲೆ ಎದ್ದು ಬಂದೆ.

೨೮ ಜುಲೈ

ಸಾಹೇಬರು ಬಂದಿಲ್ಲ. ಅವ್ವನಿಗೆ ಹೇಳಿದೆ, ಸಾಹೇಬರಿಗೆ ಎಲ್ಲವನ್ನೂ ತಿಳಿಸಿದೆ ಎಂದು. ಬೈಯುತ್ತಾಳೆ ಅಂದುಕೊಂಡಿದ್ದೆ. "ಕುತಗೊಂಡು ಹೇಳಿದ್ಯೋ, ನಿಂತು ಹೇಳಿದ್ಯೋ?" ಎಂದು ಕೇಳಿದಳು. ಕೂತು ಎಂದೆ. "ಆತು ಬಿಡು," ಎಂದಳು.

೩೧ ಜುಲೈ, ಶುಕ್ರವಾರ

ಸಂಜೆ ಸಾಹೇಬರು ಬಂದರು. ಕಾರ್ಖಾನೆಯಿಂದ ನೇರವಾಗಿ, ಕೊರಳಲ್ಲಿ ಗಂಧದ ಹಾರ, ಕಂಕುಳಲ್ಲಿ ಗೋಡೆ ಗಡಿಯಾರದ ಡಬ್ಬಿ. ಗಲ್ಲಿಯ ಹುಡುಗರು ಹಾರ ನೋಡಿ ಏನೂ ಕೂಗಲಿಲ್ಲ. ಅಪ್ಪನ ಮಂಚದ ತುದಿಯಲ್ಲಿ ಕೂತರು. ಅವ್ವ ಚಹಾ ಕೊಟ್ಟಳು.

"ಹಳೇದನ್ನ ಕೊಡಮ್ಮ. ನೋಡ್ತೀನಿ," ಎಂದರು.

ಮಂಚದ ಕೆಳಗಿಂದ ಎಳೆದೆ. ಸೆರಗಿನಿಂದ ಧೂಳು ಒರೆಸಿ ಅವರ ತೊಡೆಯ ಮೇಲಿಟ್ಟೆ. ಬಿದ್ದ ದಿನದಿಂದ ಅವರು ಅದನ್ನು ಮುಟ್ಟಿರಲಿಲ್ಲ. ಉಬ್ಬಿನ ಮೇಲೆ ಅಂಗೈ ಆಡಿಸಿದರು. "ಎಂಥ ಕೆಲಸ," ಎಂದರು. ಆಮೇಲೆ ತಿರುವಿದರು.

"ಪ್ರಫುಲ್ಲಾ, ಇದು ನೀನು ಬರೆದದ್ದಾ?"

ಮಲ್ಲಪ್ಪ, ೧೧-೨-೬೭. ಅದರ ಕೆಳಗೆ ಹೊಸ ಪೆನ್ಸಿಲಿನಲ್ಲಿ ಇನ್ನೊಂದು ಸಾಲು. ಅಕ್ಷರಗಳು ಇಳಿಜಾರಾಗಿ ಕೆಳಗೆ ಜಾರಿವೆ, ಮೊದಲ ಅಕ್ಷರವನ್ನು ಎರಡು ಸಲ ತಿದ್ದಿದೆ. 'ಎರಕದ ಸ್ಕೇಲು. ೧೦-೬-೮೧.'

ನಾನು ಅವ್ವನನ್ನು ನೋಡಿದೆ.

"ನೀ ಅಕ್ಕಿಗೆ ಹೋಗಿದ್ದೆಲ್ಲ, ಆವತ್ತ," ಎಂದಳು ಅವ್ವ. "ಪೆನ್ಸಿಲ್ ಕೊಡು ಅಂದ್ರು. ಬಗ್ಗಿ ಬರ್ಯಾಕ ಆಗವಲ್ದು, ನಾನು ಅದನ್ನ ಎತ್ತಿ ಹಿಡಕೊಂಡಿದ್ದೆ. ಎಷ್ಟು ಹೊತ್ತು ಬರದ್ರು! ಏನ್ರಿ ಅದು ಅಂದ್ರ, ಸಾಹೇಬ್ರು ಬಂದ್ರ ಓದ್ತಾರ ಬಿಡು ಅಂದ್ರು. ನನಗ ಓದಾಕ ಬರ್ತೈತೇನವಾ?"

ಸಾಹೇಬರು ಆ ಸಾಲಿನ ಮೇಲೆ ಹೆಬ್ಬೆರಳು ಇಟ್ಟರು, ಉಜ್ಜಲಿಲ್ಲ. "ಅವತ್ತು ಎರಡು ಸಲ ನನ್ನ ಕಡೆಗೆ ನೂಕಿದ," ಎಂದರು. "ಎರಡು ಸಲವೂ ನಾನು ಮುಖ ತಿರುಗಿಸಿದೆ."

ತಮ್ಮ ಚೀಲದಿಂದ ಆ ದಪ್ಪ ಪುಸ್ತಕ ತೆಗೆದು, ಕೊನೆಯ ಪುಟದ ಖಾಲಿ ಸಾಲಿನಲ್ಲಿ ಬರೆದರು. ಏನು ಬರೆದರೆಂದು ನಾನು ನೋಡಲಿಲ್ಲ. ಹೋಗುವಾಗ ಪುಸ್ತಕವನ್ನು ನನ್ನ ಬಳಿ ಬಿಟ್ಟು, ಹಳೇ ಮಾದರಿಯನ್ನು ಮಗುವಿನಂತೆ ಎತ್ತಿಕೊಂಡು ಹೋದರು. ಗಡಿಯಾರ ಇಲ್ಲೇ ಮರೆತಿದ್ದಾರೆ. ನಾಳೆ ಕೊಟ್ಟು ಬರಬೇಕು.

ಅವರು ಹೋದ ಮೇಲೆ ಹೊಸ ಮಾದರಿಯ ಕೆಳಗೆ ಬರೆದೆ. ಪ್ರಫುಲ್ಲಾ, ೨೬-೭-೮೧, ಸಾದಾ ಸ್ಕೇಲು.

ಜೂನ್ ಹತ್ತರಂದು ಅವನು ಹೇಳಿ ಮುಗಿಸಿದ್ದ. ಹದಿನಾರರಂದು ನಾನು ಅವನನ್ನು ಅಂಜುಬುರುಕ ಎಂದೆ. ಅವನು ಕೈ ಇಳಿಬಿಟ್ಟದ್ದು ಸುಸ್ತಿಗಲ್ಲ. ಕೈ ಇದ್ದದ್ದು ಹಳೇ ಮಾದರಿಯ ಮೇಲೆಯೇ. ಐವತ್ತು ದಿನ ಅದು ಈ ಮನೆಯಲ್ಲಿಯೇ, ನನ್ನ ಕಾಲ ಬುಡದಲ್ಲಿ ಇತ್ತು.

ಅಚ್ಚು ಕೈಗೆ ಬಂದರೆ ಮೊದಲು ತಿರುವಿ ನೋಡಬೇಕು ಎಂದು ಅಪ್ಪ ಯಾವತ್ತು ಹೇಳಿದ್ದು ಎಂದು ಈಗ ಹಿಂದಿನ ಪುಟ ತೆಗೆದು ನೋಡಿದೆ. ಮೇ ಹದಿನೇಳು. ನನ್ನದೇ ಕೈಬರಹ. ಇದನ್ನೇಕೆ ಬರೆದೆನೋ ಎಂದೂ ಅಲ್ಲಿಯೇ ಬರೆದಿದ್ದೇನೆ.